ಬೋಟ್‌ಟನ್ ಹಮ್ಮಗೌಡ

ನಮ್ಮ ಅಪ್ಪ ಹಮ್ಮಗೌಡ ಮಿಲಿಟರಿಗೆ ಹೋಗಿ ಬಂದವ ಎಂದರೆ ಸಾಕು, ಈಗಿನ ಮಕ್ಕಳು ಬಂದೂಕಿನ ಕತೆ ಕೇಳುತ್ತಾರೆ. ಎಲ್ಲಿಯ ಬಂದೂಕು! ಅವನು ಬರ್ಮಾ ಕಾಡಿನಲ್ಲಿ ಸಾಮಾನು ಹೊರುವ ಹೇಸರಗತ್ತೆಗಳನ್ನು ನೋಡಿಕೊಂಡವ. ಚಿಕ್ಕವಳಿದ್ದಾಗ ನಾನೂ ಕೇಳಿದ್ದುಂಟು.

"ಅಪ್ಪಾ, ಯುದ್ಧದಲ್ಲಿ ಎಂತ ಮಾಡ್ದೆ?"

"ಲದ್ದಿ ಬಾಚ್ದೆ, ಬಂಗಾರಿ."

ಮುಗಿಯಿತು. ಇನ್ನೊಂದು ಮಾತು ಕೇಳಿದರೆ ಬಾಯಿಗೆ ಎಲೆಯಡಿಕೆಯ ಕವಳ ತುಂಬಿಕೊಳ್ಳುತ್ತಿದ್ದ. ನನಗೋ ಮೈಯೆಲ್ಲ ಉರಿಯುತ್ತಿತ್ತು.

ಅವನು ಹೋದಾಗ ನನಗೆ ಒಂದು ವರ್ಷ, ನಲವತ್ತಾರರಲ್ಲಿ ಕುಮಟೆಯಲ್ಲಿ ಬಸ್ಸಿಳಿದು ನಮ್ಮೂರು ಹಳದೀಪುರಕ್ಕೆ ನಡೆದು ಬಂದಾಗ ಐದು. ತಂದದ್ದು ಒಂದು ಕಂಬಳಿ, ಮಳೆಗಾಲ ಬಂದರೆ ಕೆಡವಿ ಹಾಕುವ ಚಳಿಜ್ವರ, ಮತ್ತೆ ನಾಲ್ಕೈದು ಇಂಗ್ಲಿಷ್ ಶಬ್ದ. ಆ ಶಬ್ದಗಳನ್ನು ಅವನು ನಮ್ಮ ಎತ್ತುಗಳಿಗೆ ಕಲಿಸಿದ. ಹೊರಡಲು 'ಕುಯಿಕ್ ಮಾರ್ಚ್', ನಿಲ್ಲಲು 'ಹಾಲ್ಟ್', ಗದ್ದೆಯ ಕೊನೆಯಲ್ಲಿ ತಿರುಗಲು 'ಬೋಟ್‌ಟನ್'. ಅದು 'ಅಬೌಟ್ ಟರ್ನ್' ಎಂದು ಊರಲ್ಲಿ ಯಾರಿಗೆ ಗೊತ್ತು? ದಾರಿಯಲ್ಲಿ ಹೋಗುವವರು, "ಹಮ್ಮಾ, ಗದ್ದೆಲಿ ಎಲ್ಲದ್ಯೋ ಬೋಟು?" ಎಂದು ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ. ಜನರ ಹತ್ತಿರ ಅಳೆದು ತೂಗಿ ಮಾತಾಡುವ ಮನುಷ್ಯ, ಎತ್ತುಗಳ ಹತ್ತಿರ ಮಾತ್ರ ದಿನವಿಡೀ ಗಂಟಲು ಹರಿಯುವಂತೆ ಕೂಗುತ್ತಿದ್ದ. ಅವು ಒಂದು ಸಲ ಅಂಬಾ ಎಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತ ನಿಲ್ಲುತ್ತಿದ್ದ.

ಐವತ್ತೊಂಬತ್ತರ ಮಳೆಗಾಲದಲ್ಲಿ ಜ್ವರ ಅವನನ್ನು ಹದಿನೈದು ದಿನ ಮಲಗಿಸಿತು. ಹೊನ್ನಾವರದ ಡಾಕ್ಟರು ಏಳಕೂಡದು ಎಂದರು. ಸಸಿ ಬಲಿಯುತ್ತಿತ್ತು, ಗದ್ದೆ ಹೂಡಿರಲಿಲ್ಲ. ಆ ಗದ್ದೆ ನಮ್ಮದಲ್ಲ, ಗೇಣಿಯದು. "ಶನಿವಾರದೊಳಗೆ ಹೂಡದಿದ್ರೆ ಬೇರೆಯವ್ರಿಗೆ ಕೊಡ್ತೆ" ಎಂದು ಗದ್ದೆಯ ಒಡೆಯರು ಹೇಳಿ ಕಳಿಸಿದರು. ನಮಗೆ ಅನ್ನ ಹಾಕುತ್ತಿದ್ದದ್ದು ಅದೊಂದೇ ಗದ್ದೆ.

ಶುಕ್ರವಾರ ಚೌಡಮಾವ, ನನ್ನ ಅವ್ವೆಯ ತಮ್ಮ, ನೇಗಿಲು ಹಿಡಿದ. ಎತ್ತುಗಳು ನೆಟ್ಟಗೆ ಹೋದವು, ಬದುವಿನ ಹತ್ತಿರ ನಿಂತವು. ಜಪ್ಪಯ್ಯ ಎಂದರೂ ತಿರುಗಲಿಲ್ಲ. ಮಾವ ಬಾಲ ತಿರುಚಿದ, ಬೈದ, ಕೊನೆಗೆ ನಾಚಿಕೊಳ್ಳುತ್ತ "ಬಾಟ್ಲಿಟನ್!" ಎಂದ. ನಗು ತಡೆಯಲಿಕ್ಕಾಗದೆ ನಾನು ಬದುವಿನ ಮೇಲೆ ಕೂತುಬಿಟ್ಟೆ.

"ನಗ್ತ್ಯೇನೇ? ನೀನೇ ಹೇಳು ನೋಡ್ವಾ!"

ಅಪ್ಪನಿಗೆ ಗದ್ದೆಗೆ ಗಂಜಿ ಒಯ್ದು ಒಯ್ದು ಆ ರಾಗ ನನಗೆ ಬಾಯಿಪಾಠ. ಎದ್ದು ನಿಂತು ಕೂಗಿದೆ: "ಬೋ...ಟ್‌ಟನ್!" ಎರಡೂ ಎತ್ತುಗಳು ಒಟ್ಟಿಗೆ ತಿರುಗಿದವು. ಮಾವ ನೇಗಿಲು ಹಿಡಿಯುವುದು, ನಾನು ಬದುವಿನ ಮೇಲೆ ನಡೆಯುತ್ತ ಕೂಗುವುದು, ಹೀಗೆ ಅರ್ಧ ಗದ್ದೆ ಆಯಿತು.

ಅಷ್ಟರಲ್ಲಿ ನಮ್ಮ ಜಾತಿಯ ಯಜಮಾನ, ಊರಗೌಡ ಜಟ್ಟಿಗೌಡರು ಬಂದರು. ನಮ್ಮಲ್ಲಿ ಹೆಣ್ಣುಮಕ್ಕಳು ಸಸಿ ನೆಟ್ಟಿ ಮಾಡಬಹುದು, ಹಾಡಬಹುದು. ಹೂಟಿಗೆ, ಅಂದರೆ ನೇಗಿಲಿನ ಕೆಲಸಕ್ಕೆ, ಸೇರುವಂತಿಲ್ಲ.

"ಮದ್ವೆ ಆಗೂ ಹುಡ್ಗಿ, ಹೂಟಿ ಹತ್ರ ಗಂಡಸ್ರ ಹಾಂಗೆ ಕೂಗೂದಾ? ನಿಲ್ಸು!"

"ನಾ ನೇಗ್ಲ ಮುಟ್ಲಿಲ್ಲ, ಗೌಡ್ರೇ," ಎಂದೆ ನಾನು, ಬಿಡುವವಳಲ್ಲ. ಅವರು ಹೂಟಿಯನ್ನೇ ನಿಲ್ಲಿಸಿದರು. ಇನ್ನರ್ಧ ಗದ್ದೆ ಹಾಗೇ ಬಿದ್ದಿತ್ತು. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂತು.

ಹಿಂದೆ ತಿರುಗಿದರೆ ಅಪ್ಪ. ಕಂಬಳಿ ಹೊದ್ದು, ನಡುಗುತ್ತ, ಅವ್ವೆಯ ಹೆಗಲು ಹಿಡಿದು ಬಂದಿದ್ದ.

"ಹಮ್ಮಾ, ಮಗಳ ಬಾಯಿ ಮುಚ್ಸು," ಎಂದರು ಜಟ್ಟಿಗೌಡರು.

ಅಪ್ಪ ಬದುವಿನ ಮೇಲೆ ಕೂತ. "ಬಾಯಿ ಮುಚ್ಸೂ ಕೆಲ್ಸ ನಾ ಒಂದ್ಸಲ ಮಾಡಿದ್ದೆ, ಗೌಡ್ರೇ," ಎಂದ.

ಎತ್ತುಗಳನ್ನು ನೋಡುತ್ತ ಹೇಳಿದ. "ಬರ್ಮಾಕ್ಕೆ ಹೊರಡೂಕೆ ಮುಂಚೆ. ಕಾಡಲ್ಲಿ ಹೇಸರಗತ್ತೆ ಕೂಗ್ದ್ರೆ ವೈರಿಗೆ ಗೊತ್ತಾಗ್ತದೆ ಅಂತ, ಮಿಲಿಟ್ರಿ ಡಾಕ್ಟ್ರು ಅವುಗಳ ಗಂಟ್ಲ ಒಳಗೆ ಕೊಯ್ದು ದನಿಯೇ ಇಲ್ದಾಂಗೆ ಮಾಡ್ದ್ರು. ತಲೆ ಹಿಡ್ಕಂಡವ ನಾನು. ಹನ್ನೆರಡು ಪ್ರಾಣಿ. ನಾನೇ ಮೇವು ಹಾಕ್ದವು, ನಂಬ್ಕಂಡು ತಲೆ ಕೊಟ್ವು. ಆಮೇಲೆ ದಿನಾ ಬೆಳಿಗ್ಗೆ ನನ್ನ ಕಂಡ ಕೂಡ್ಲೆ ಬಾಯಿ ತೆಗೀತಿದ್ವು. ಎಂತದೂ ಬರ್ತಿರ್ಲಿಲ್ಲ. ಗಾಳಿ ಅಷ್ಟೇ." ಸ್ವಲ್ಪ ಸುಧಾರಿಸಿಕೊಂಡ. "ಇನ್ನೊಂದ್ಸಲ ನನ್ನ ಕೈಲಿ ಆಗೂದಿಲ್ಲ. ಬೇಕಾರೆ ಜಾತಿಂದ ಹೊರಗೆ ಹಾಕಿ."

ಇಪ್ಪತ್ತು ಸಲ ಕೇಳಿದರೂ ನನಗೆ ಸಿಗದ ಉತ್ತರ ಅದು. ಲದ್ದಿ ಎಂದಾಗಲೆಲ್ಲ ಅವನ ಮೇಲೆ ಸಿಟ್ಟು ಮಾಡಿದ್ದೆನಲ್ಲ. ಜಟ್ಟಿಗೌಡರು ತಲೆಯ ಮುಂಡಾಸು ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಆತು. ಹುಡ್ಗಿ ಕೂಗ್ಲಿ. ಹೊತ್ತಾತು, ಹೂಡಿ," ಎಂದು ಚೌಡಮಾವನಿಗೆ ಹೇಳಿ, ತಾವೂ ಅಪ್ಪನ ಪಕ್ಕದಲ್ಲಿ ಕೂತರು.

ಎತ್ತುಗಳು ಹೊರಟವು. ಗದ್ದೆಯ ಕೊನೆಗೆ ಹೋಗಿ ನಿಂತವು. ನಾನು ಬಾಯಿ ತೆರೆದೆ. ಬರೀ ಗಾಳಿ ಬಂತು, ದನಿ ಹೊರಡಲಿಲ್ಲ.

ಅಪ್ಪನ ಮುಖದ ಬಣ್ಣ ಇಳಿಯಿತು. ಬಿದ್ದು ಎದ್ದು ನನ್ನ ಹತ್ತಿರ ಬಂದು, ಜ್ವರದ ಕೈಯಲ್ಲಿ ನನ್ನ ಗಲ್ಲ ಹಿಡಿದ.

"ಕೂಗೇ ಮಗಳೇ," ಎಂದ. "ಕೂಗು, ಕೂಗು."

ಕೂಗಿದೆ.