ಹೆಂಗಸರ ಬೆಂಚಿನಿಂದ ಬಂದ ಡೈಲಾಗು

ಮೊನ್ನೆ ತಿಪಟೂರಿನ ಟಾಕೀಸಿನಲ್ಲಿ ನಾನು ನನ್ನ ಹೆಂಡತಿಗೇ ಶಿಳ್ಳೆ ಹೊಡೆದೆ!

ನಗಬೇಡಿ. ಗೊತ್ತಿಲ್ಲದೆ ಆದದ್ದು.

ಕಪ್ಪು ಬಿಳುಪಿನ ಹಳೆಯ ಚಿತ್ರವೊಂದು ಮತ್ತೆ ಬಂದಿತ್ತು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಗಂಡ ಹೆಂಡತಿ ದೂರವಾಗುವ ಕಥೆ. ಈಗಲೂ ಏನು ಜನ ಅಂತೀರಿ! ನೊಣವಿನಕೆರೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಮ್ಯಾಟಿನಿಗೆ ಹೇಗೋ ಟಿಕೆಟ್ ಗಿಟ್ಟಿಸಿದೆವು. ಬೆಂಚ್ ಕ್ಲಾಸಿನಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ನನ್ನವಳು ಆ ಕಡೆ ಹೋದಳು.

(ದಾರಿಯುದ್ದಕ್ಕೂ ಅವಳು ತುಟಿ ಬಿಚ್ಚಿರಲಿಲ್ಲ. ಹಿಂದಿನ ದಿನ ನಾನು ಬಿಳಿಗೆರೆಯ ಗಂಡಿನ ಕಡೆಯವರಿಗೆ ಮಗಳನ್ನು ಕೊಡುವುದಾಗಿ ಮಾತು ಕೊಟ್ಟು ಬಂದಿದ್ದೆ. ಭಾನುವಾರ ತಾಂಬೂಲ. ಒಳ್ಳೆಯ ಮನೆತನ, ದೊಡ್ಡ ತೆಂಗಿನ ತೋಟ. ಇನ್ನು ಯಾರನ್ನು ಏನು ಕೇಳುವುದು?)

ಇಂಟರ್ವಲ್ ಆದ ಮೇಲೆ ಬಂತು ನೋಡಿ ಆ ಸೀನ್! ಹೆಂಡತಿ ಟ್ರಂಕು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ನಿನಗೆ ನಾನೇನು ಕಡಿಮೆ ಮಾಡಿದ್ದೆ ಎಂದು ಗಂಡ ಗುಡುಗುತ್ತಾನೆ. ಅವಳು ಸುಮ್ಮನೆ ನೋಡುತ್ತಾಳೆ.

ಆಗ ಹೆಂಗಸರ ಕಡೆಯಿಂದ ಒಂದು ದನಿ:

"ಒಂದ್ ದಿನಾನಾದ್ರೂ ಅವಳನ್ನ ಒಂದ್ ಮಾತು ಕೇಳಿದ್ದೀಯೇನಪ್ಪಾ?"

ಸೂರು ಹಾರಿಹೋಗುವಂಥ ಚಪ್ಪಾಳೆ! ನಾನಂತೂ ಬೆಂಚು ಹತ್ತಿ, ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದೆ. ಎಂಥಾ ಡೈಲಾಗ್ ಸಾರ್!

ಪಕ್ಕದಲ್ಲಿದ್ದ ಹಂದನಕೆರೆಯ ಕೊಬ್ಬರಿ ವ್ಯಾಪಾರಿ ತೊಡೆ ತಟ್ಟಿಕೊಂಡು ನಕ್ಕರು. "ಯಾರ್ ಮನೆ ಹೆಣ್ಮಗಳೋ ಕಣ್ರೀ! ಅವಳ್ ಗಂಡನ ಗತಿ ಏನ್ ಬುಡಿ!"

ನಗಲು ಬಾಯಿ ತೆರೆದವನು ಹಾಗೇ ಕುಳಿತುಬಿಟ್ಟೆ. ಆ ದನಿ ನನಗೆ ಗೊತ್ತಿತ್ತು. ಇಪ್ಪತ್ತು ವರ್ಷದಿಂದ ನನ್ನನ್ನು ತೋಟದಿಂದ ಊಟಕ್ಕೆ ಕೂಗಿ ಕರೆಯುವ ದನಿ! ಆಮೇಲಿನ ಸಿನಿಮಾ ನನ್ನ ಕಣ್ಣಿಗೆ ಕಂಡಿದ್ದರೆ ಕೇಳಿ. ನಾಚಿಕೆಯಾಯಿತು. ಸುಳ್ಳೇಕೆ ಹೇಳಲಿ, ಹೆಮ್ಮೆಯೂ ಆಯಿತು.

ಗೇಟಿನ ಹತ್ತಿರ ಕಾದೆ. ಬಂದಳು. ಹಿಂದೆ ನಾಲ್ಕು ಜನ ಹೆಂಗಸರು, ಅಭಿಮಾನಿಗಳ ಹಾಗೆ.

"ಬಿಳಿಗೆರೆಯವರ ವಿಷಯ... ನೀನೇನಂತೀಯೆ?" ಎಂದೆ.

"ಮದ್ವೆ ಆಗೋಳು ನಾನಾ? ನನ್ನ ಆಮೇಲೆ ಕೇಳೀರಂತೆ, ಮೊದ್ಲು ಅವಳನ್ನ ಕೇಳ್ರೀ."

ಹೌದಲ್ಲ! ಇದು ನನಗೆ ಹೊಳೆದೇ ಇರಲಿಲ್ಲ. ಕಾಯಿ ಯಾವಾಗ ಕೀಳಿಸಬೇಕೆಂದು ನಾವು ಊರಲ್ಲಿ ನಾಲ್ಕು ಜನರನ್ನು ವಿಚಾರಿಸುತ್ತೇವೆ. ಮನೆಯೊಳಗೆ ಮಾತ್ರ ಏಕೆ ನಮ್ಮದೇ ತೀರ್ಮಾನ?

ಮನೆ ಸೇರಿದವನೇ ಚಪ್ಪಲಿ ಬಿಡುವ ಮೊದಲೇ ಮಗಳನ್ನು ಕೇಳಿದೆ. ಪಿಯುಸಿ ಪುಸ್ತಕದಿಂದ ತಲೆ ಎತ್ತಿದಳು. ಯೋಚನೆ ಕೂಡ ಮಾಡಲಿಲ್ಲ.

"ಬ್ಯಾಡ ಕಣಪ್ಪ. ನಾನು ಓದ್ಬೇಕು."

ಭಾನುವಾರಕ್ಕೆ ಇನ್ನು ಎರಡೇ ದಿನ. ಕೊಟ್ಟ ಮಾತು ವಾಪಸ್ ತೆಗೆದುಕೊಳ್ಳಲು ಬಿಳಿಗೆರೆಗೆ ಹೊರಟಿದ್ದೇನೆ. ಯಾವ ಮುಖ ಇಟ್ಟುಕೊಂಡು ಹೋಗಲಿ, ನೀವೇ ಹೇಳಿ?