ಅಮರಮ್ಮನ ನೀರಿನ ಕೊಡ

ಕೊರೊನಾ ಇಳಿದು ಅಂಗನವಾಡಿಗಳ ಬಾಗಿಲು ಮತ್ತೆ ತೆರೆದ ವರ್ಷ ಅದು. ನಾನಾಗ ಲಿಂಗಸುಗೂರಿನಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಜನರ ಬಾಯಲ್ಲಿ ಸಿಡಿಪಿಒ ಮೇಡಂ. ಮಸ್ಕಿ ಕಡೆಯ ಕೆಲವು ಹಳ್ಳಿಗಳೂ ನನ್ನ ಪಾಲಿಗಿದ್ದವು. ನಿವೃತ್ತಿಗೆ ಎರಡು ವರ್ಷ ಬಾಕಿ. ಅಂಗನವಾಡಿಗೆ ಮೊಟ್ಟೆ, ಬೇಳೆ ಮುಟ್ಟಿತೇ ಎಂದು ನೋಡುವುದಷ್ಟೇ ನನ್ನ ಕೆಲಸ ಎಂದು ಬಹಳ ಜನ ತಿಳಿದಿದ್ದರು. ಆದರೆ ಅದೇ ಕುರ್ಚಿಗೆ ಇನ್ನೊಂದು ಹೊಣೆ ಇದೆ. ಕೌಟುಂಬಿಕ ಹಿಂಸೆ ತಡೆಯುವ ಕಾಯ್ದೆಯಡಿ ನಾನು ಸಂರಕ್ಷಣಾಧಿಕಾರಿ. ಹೊಡೆತ ತಿಂದ ಹೆಣ್ಣುಮಗಳು ಬಂದರೆ ಅವಳು ಹೇಳಿದ್ದನ್ನು ಡಿಐಆರ್ ಎಂಬ ನಮೂನೆಯಲ್ಲಿ ಬರೆದು ಮ್ಯಾಜಿಸ್ಟ್ರೇಟರ ಮುಂದಿಡಬೇಕು, ಅವರು ಕೊಡುವ ಆದೇಶ ಜಾರಿಯಾಗುವಂತೆ ನೋಡಿಕೊಳ್ಳಬೇಕು.

ರೇಣುಕಾ ನನ್ನ ಕಚೇರಿಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಎಡಗೈಗೆ ಪ್ಲಾಸ್ಟರ್ ಹಾಕಿತ್ತು. ಸಂತೆಕಲ್ಲೂರಿನ ಹುಡುಗಿ, ಸಿಂಧನೂರಿಗೆ ಕೊಟ್ಟು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಗಂಡ ವೀರೇಶ ಭತ್ತ ಕೊಯ್ಯುವ ಯಂತ್ರದ ಡ್ರೈವರ್. ಕುಡಿಯುವವನಲ್ಲ, ಇಸ್ಪೀಟು ಆಡುವವನೂ ಅಲ್ಲ. ಅವನ ಚಟವೆಂದರೆ ಹೆಂಡತಿಯೇ. ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕುತ್ತಿದ್ದ. ಬಂದಮೇಲೆ ಅವಳ ಮೊಬೈಲಿನಲ್ಲಿ ಯಾರ ಕರೆ ಎಷ್ಟು ನಿಮಿಷ ಎಂದು ನೋಡುತ್ತಿದ್ದ. ಅವಳು ತನ್ನ ಅಣ್ಣನಂಥ ಸೋದರಮಾವನ ಮಗನೊಡನೆ ಮಾತಾಡಿದಳೆಂದು ಬಡಿಗೆಯಿಂದ ಕೈ ಮುರಿದಿದ್ದ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅತ್ತವನೂ ಅವನೇ. ಅಲ್ಲಿಂದ ಅವಳು ತಾಯಿಯ ಮನೆಗೆ ಬಂದುಬಿಟ್ಟಿದ್ದಳು.

"ಅಂವ ಅತ್ತರ ನನಗ ಇನ್ನೂ ಅಂಜಿಕಿ ಆಕ್ಕತ್ರೀ ಮೇಡಂ" ಎಂದಳು ಆಕೆ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಇಂಥ ಮಾತು ಕೇಳಿದಾಗಲೆಲ್ಲ ನಾನು ಬೇರೆ ಫೈಲು ಬದಿಗಿಡುತ್ತಿದ್ದೆ. ಕುಡಿದು ಹೊಡೆಯುವವನು ನಶೆ ಇಳಿದ ಮೇಲೆ ಮಲಗುತ್ತಾನೆ. ಇಂಥವನು ಮಲಗುವುದಿಲ್ಲ.

ಡಿಐಆರ್ ಅಂದೇ ಬರೆದೆ. ಮ್ಯಾಜಿಸ್ಟ್ರೇಟರು ಸಂರಕ್ಷಣಾ ಆದೇಶ ಕೊಟ್ಟರು. ವೀರೇಶ ರೇಣುಕಾಳ ತವರುಮನೆಗೆ ಕಾಲಿಡಬಾರದು, ಅವಳು ಹೊಸದಾಗಿ ಹೊಲಿಗೆ ಕೆಲಸಕ್ಕೆ ಸೇರಿಕೊಂಡಿದ್ದ ಮಸ್ಕಿಯ ಅಂಗಡಿಗೆ ಹೋಗಬಾರದು, ಫೋನ್ ಮಾಡಬಾರದು. ಮೀರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಜಾಮೀನು ಸುಲಭಕ್ಕಿಲ್ಲ. ಆದೇಶದ ಪ್ರತಿಯನ್ನು ಗಂಡನಿಗೆ ಮುಟ್ಟಿಸಿದೆ, ಠಾಣೆಗೆ ಕೊಟ್ಟೆ, ರೇಣುಕಾಳಿಗೆ ಓದಿ ಹೇಳಿದೆ, ಅವಳ ಅಂಗಡಿಯ ಮಾಲಕಿಗೂ ಒಂದು ಪ್ರತಿ ತಲುಪಿಸಿದೆ. ಕೆಲಸ ಅಚ್ಚುಕಟ್ಟಾಗಿ ಮುಗಿಯಿತೆಂದು ಫೈಲಿನ ದಾರ ಬಿಗಿದೆ. ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆ ಇತ್ತು ಅನ್ನಿ.

ಎರಡು ತಿಂಗಳಲ್ಲಿ ಅವನು ಮೂರು ಸಲ ಆ ಮನೆಗೆ ಹೋಗಿ ಬಂದಿದ್ದ.

ಮೂರನೆಯ ಸಲ ರೇಣುಕಾ ಠಾಣೆಗೆ ದೂರು ಕೊಟ್ಟಳು. ಅವನನ್ನು ಕರೆಸಿದರು. ಅವನು ಮೊಬೈಲ್ ತೆಗೆದು ಮೂರು ಫೋಟೋ ತೋರಿಸಿದನಂತೆ. ಒಂದರಲ್ಲಿ ರೊಟ್ಟಿ, ಪುಂಡಿಪಲ್ಯ. ಇನ್ನೊಂದರಲ್ಲಿ ಶೇಂಗಾ ಹೋಳಿಗೆ. ಮೂರನೆಯದರಲ್ಲಿ ತುಂಬಿದ ನೀರಿನ ತಂಬಿಗೆ, ಪಕ್ಕದಲ್ಲಿ ಬೆಲ್ಲದ ಚೂರು. "ನಮ್ಮತ್ತಿನ ಕುಂದರಿಸಿ ಉಣಿಸ್ಯಾಳ್ರೀ. ನಾ ಎಲ್ಲಿ ನುಗ್ಗೀನಿ?" ಎಂದನಂತೆ. ಅಲ್ಲಿದ್ದ ಹಿರಿಯರೊಬ್ಬರು ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಕ್ಕರಂತೆ. ಆ ಗಾದೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಉಂಡು ಮಲಗಿದ ಮೇಲೆ ಏಳದೇ ಹೋದ ಹೆಣ್ಣುಮಕ್ಕಳ ಫೈಲು ನಾನು ನೋಡಿದ್ದೇನೆ. ಮನೆಯವರು ಕರೆದು ಉಣಿಸಿದರೂ ಆದೇಶ ಆದೇಶವೇ ಎಂದು ಠಾಣೆಯವರೊಡನೆ ಫೋನಿನಲ್ಲಿ ಜಗಳವಾಡಿದೆ. "ಕೋರ್ಟಿನ್ಯಾಗ ಈ ಫೋಟೋ ಇಟ್ರ ಏನ ಹೇಳೂದ್ರೀ ಮೇಡಂ?" ಎಂದರು ಆ ಕಡೆಯಿಂದ. ಅವರ ಮಾತಲ್ಲೂ ಸುಳ್ಳಿರಲಿಲ್ಲ.

ಮರುದಿನ ಜೀಪು ಹತ್ತಿ ಸಂತೆಕಲ್ಲೂರಿಗೆ ಹೊರಟೆ. ದಾರಿಯುದ್ದಕ್ಕೂ ಆ ಮುದುಕಿಗೆ ಏನೇನು ಬೈಯಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದೆ.

ರೇಣುಕಾಳ ತಾಯಿ ಅಮರಮ್ಮ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಹಸನು ಮಾಡುತ್ತಾ ಕೂತಿದ್ದಳು. ಗಂಡ ತೀರಿ ಹತ್ತು ವರ್ಷ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ನನ್ನನ್ನು ನೋಡಿದ್ದೇ ಎದ್ದು ಒಳಗೆ ಹೋಗಿ ತಂಬಿಗೆ ನೀರು, ಬೆಲ್ಲ ತಂದಿಟ್ಟಳು. ಅದೇ ತಂಬಿಗೆ. ನಾನು ಮುಟ್ಟಲಿಲ್ಲ.

"ಮಗಳ ಕೈ ಮುರಿದವನಿಗೆ ಹೋಳಿಗಿ ಮಾಡಿ ಹಾಕ್ತಿಯಲ್ಲವ್ವಾ, ನಿನಗ ಬುದ್ಧಿ ಐತೋ ಇಲ್ಲೋ?" ಎಂದೆ.

ಆಕೆಗೆ ಸಿಟ್ಟು ಬರಲಿಲ್ಲ. "ಅಳಿಯ ಬಾಗಿಲಿಗೆ ಬಂದಾನ. ನೀರು ಕೊಡದ ಕಳಸು ಅಂದ್ರ ಹೆಂಗ್ರೀ? ವೈರಿ ಬಂದ್ರೂ ನಾವು ನೀರು ಕೊಡೂ ಮಂದಿ. ಹಸದು ಹೋದ್ರ ನನ್ನ ಮಗಳ ತಾಳಿಗೇ ಕೇಡು. ಮತ್ತ, ಹೊಟ್ಟಿ ತುಂಬಿದ್ರ ಸಿಟ್ಟು ಇಳೀತೈತಿ ಅಂತ ಮಾಡಿದ್ದೆ."

"ಇಳೀತೇನು?"

ಆಕೆ ತೊಗರಿಯೊಳಗಿನ ಕಲ್ಲೊಂದನ್ನು ಆರಿಸಿ ಎಸೆದಳು. ಆಮೇಲೆ ತಲೆ ಎತ್ತದೆ ಹೇಳಿದಳು: "ಹೋದ ಸಲ ಉಣಕೋಂತ ಹೇಳಿದ. ಮುಂದಿನ ಸಲ ನಾ ಬಂದಾಗ ಅಕಿ ನನ್ನ ಕೂಡ ಬರಬೇಕು. ಇಲ್ಲಂದ್ರ ಅಕಿನ್ನ ಮಣ್ಣ ಮಾಡಿ ನಾನೂ ಹೋಗ್ತೀನಿ ಅಂತ. ಅಂದು ಇನ್ನೊಂದು ರೊಟ್ಟಿ ಹಾಕಿಸ್ಕೊಂಡ."

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಇದನ್ನು ಯಾರಿಗಾದರೂ ಹೇಳಿದೆಯಾ ಎಂದು ಕೇಳಿದೆ. ಯಾರೂ ಕೇಳಲಿಲ್ಲ ಎಂದಳು. ಮಗಳಿಗೆ ಹೇಳಿದರೆ ಅವಳು ಅಂಜುತ್ತಾಳೆ ಎಂದು ಸುಮ್ಮನಿದ್ದಳಂತೆ. ಕೋರ್ಟಿನ ಆದೇಶದಲ್ಲಿ ಏನಿದೆ ಗೊತ್ತೇ ಎಂದೆ. "ಸೋಡಚೀಟಿ ಕಾಗದ ಅಲ್ಲೇನ್ರೀ?" ಎಂದಳು ಅಮರಮ್ಮ, ಅದು ವಿಚ್ಛೇದನದ ಪತ್ರವೆಂದೇ ತಿಳಿದು.

ದೀಪದ ಬುಡದಲ್ಲೇ ಕತ್ತಲೆ. ಗಂಡನಿಗೆ, ಠಾಣೆಗೆ, ಅಂಗಡಿಗೆ ಎಲ್ಲ ಕಡೆ ಪ್ರತಿ ಹಂಚಿದ್ದ ನಾನು, ಆ ಮನೆಯ ಬಾಗಿಲು ತೆರೆಯುವ ಮತ್ತು ಹಾಕುವ ಕೈಗೆ ಒಂದು ಮಾತೂ ಹೇಳಿರಲಿಲ್ಲ. ಬೈಯಲು ಬಂದವಳು ಕಟ್ಟೆಯ ಮೇಲೆ ಕೂತು ಆ ನೀರು ಕುಡಿದೆ. ಆದೇಶವನ್ನು ಮೊದಲಿನಿಂದ ಕೊನೆಯವರೆಗೆ ನಮ್ಮ ಮಾತಿನಲ್ಲೇ ಹೇಳಿದೆ. ಹೊಸ್ತಿಲು ದಾಟಿದರೆ ಅವನು ಜೈಲಿಗೆ ಹೋಗಬಹುದು, ಆದರೆ ನೀನು ಕರೆದು ಉಣಿಸಿದೆಯೆಂದು ಅವನೇ ಸಾಕ್ಷಿ ಕೂಡಿಸುತ್ತಿದ್ದಾನೆ ಎಂದೆ. ಅವನು ತಟ್ಟೆಯ ಫೋಟೋ ತೆಗೆದದ್ದು ಯಾಕೆಂದು ಆಕೆಗೆ ಆಗ ತಿಳಿಯಿತು.

"ಅಡಗಿ ಚಲೋ ಆಗೈತಿ, ಗೆಳ್ಯಾರಿಗೆ ತೋರಸ್ತೀನಿ ಅಂದಿದ್ದ, ಮುಕಳ್ಯಾ" ಎಂದಳು. ವಿಭೂತಿ ಹಚ್ಚಿದವಳ ಬಾಯಿಯಿಂದ ಬಂದ ಬೈಗುಳ ಕೇಳಿ ನನಗೆ ಜೀವ ಬಂದಂತಾಯಿತು.

ಆದರೂ ನೀರಿನ ಮಾತಿಗೆ ಆಕೆ ಒಪ್ಪಲಿಲ್ಲ. ಊಟ ಹಾಕುವುದಿಲ್ಲ, ಬಾಗಿಲು ತೆರೆಯುವುದಿಲ್ಲ, ಆದರೆ ಬಂದವನಿಗೆ ನೀರಿಲ್ಲ ಎನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ ಎಂದಳು. ನಾನು ವಾದಿಸಿದೆ, ಗದರಿಸಿದೆ, ಕೈಮುಗಿದೆ. ಕಲ್ಲಿನ ಮೇಲೆ ಮಳೆ ಹೊಯ್ದಂತೆ. ಕೊನೆಗೆ ದಾರಿ ಹುಡುಕಿದವಳು ಆಕೆಯೇ. "ಬ್ಯಾಸಗಿ ಬಂತು. ಓಣಿ ಬಾಯಾಗ ಒಂದು ಅರವಟ್ಟಿಗಿ ಇಡ್ತೀನಿ. ಬಂದ ಮಂದಿ ಎಲ್ಲಾ ಅಲ್ಲೇ ಕುಡೀಲಿ. ಅಂವನೂ ಅಲ್ಲೇ ಕುಡದು ಹೋಗಲಿ. ನಮ್ಮ ಧರ್ಮ ಹೊರಗ ಇರ್ತೈತಿ, ಅಂವನೂ ಹೊರಗ ಇರ್ತಾನ."

ಓಣಿಯ ಬಾಯಲ್ಲಿ ಇದ್ದದ್ದು ನಮ್ಮ ಅಂಗನವಾಡಿ. ಅಲ್ಲಿಯ ಕಾರ್ಯಕರ್ತೆ ಸಂಗಮ್ಮ ಇಪ್ಪತ್ತು ವರ್ಷದಿಂದ ನನ್ನ ಕೈಕೆಳಗೆ ಕೆಲಸ ಮಾಡಿದವಳು, ನನ್ನ ಬಾಯಿಗೂ ಅಂಜದವಳು. ಅಂಗನವಾಡಿಯ ಕಟ್ಟೆಯ ಮೇಲೆ ಮರಳು ಹಾಸಿ ಮಣ್ಣಿನ ಕೊಡ ಕೂಡಿಸಿದೆವು. ಕಿಟಕಿಗೆ ನೇರವಾಗಿ. ವೀರೇಶನ ಫೋಟೋ ಸಂಗಮ್ಮನ ಮೊಬೈಲಿಗೆ ಹೋಯಿತು. ಅವನು ಕಂಡ ತಕ್ಷಣ 112ಕ್ಕೆ ಫೋನ್, ಆಮೇಲೆ ಠಾಣೆಗೆ, ಆಮೇಲೆ ನನಗೆ. ಅವನ ಬೆದರಿಕೆಯ ಮಾತನ್ನು ಅಮರಮ್ಮನ ಹೇಳಿಕೆಯಾಗಿ ಬರೆದು, ಹೆಬ್ಬೆಟ್ಟು ಹಾಕಿಸಿ, ನ್ಯಾಯಾಲಯಕ್ಕೂ ಠಾಣೆಗೂ ಸಲ್ಲಿಸಿದೆ. ಈ ಸಲ ಠಾಣೆಯಲ್ಲಿ ಯಾರೂ ಗಾದೆ ಹೇಳಲಿಲ್ಲ.

ಅವನು ಬಂದದ್ದು ಹದಿನೇಳನೆಯ ದಿನ, ಮಧ್ಯಾಹ್ನ ಒಂದು ಗಂಟೆಗೆ. ಅತ್ತೆಯ ಊಟದ ಹೊತ್ತು ಅವನಿಗೆ ಗೊತ್ತಿತ್ತು. ಆದರೆ ಅದು ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರು ಬಿಸಿಯೂಟಕ್ಕೆ ಸೇರುವ ಹೊತ್ತೂ ಹೌದು ಎಂಬುದು ಅವನ ಲೆಕ್ಕದಲ್ಲಿರಲಿಲ್ಲ. ರೇಣುಕಾ ಅಂದು ಜ್ವರವೆಂದು ಮನೆಯಲ್ಲೇ ಇದ್ದಳು.

ಮುಂದಿನದನ್ನು ಸಂಗಮ್ಮ ಹೇಳಿದಂತೆ ಹೇಳುತ್ತೇನೆ. ಅವನು ಬೈಕ್ ನಿಲ್ಲಿಸಿ ಕೊಡದ ಕಡೆ ನೋಡದೆ ನೇರ ಮನೆಗೆ ಹೋದ. ಹೆಗಲಿಗೆ ಚೀಲ ಇತ್ತು. ಸಂಗಮ್ಮ ಸೌಟು ಕೆಳಗಿಟ್ಟು ಫೋನ್ ಹಚ್ಚಿದಳು. ಅಮರಮ್ಮ ಒಳಗಿನಿಂದ ಅಗಳಿ ಹಾಕಿಕೊಂಡು ಕಿಟಕಿಯಲ್ಲಿ ನಿಂತಿದ್ದಳು.

"ಅತ್ತಿ, ಬಾಗಿಲಾ ತಗಿ. ನೀರು ಕೊಡು" ಎಂದ ಅವನು.

"ನೀರು ಅಂಗನವಾಡಿ ಮುಂದ ಇಟ್ಟೀನಿ. ಕುಡದು ಬಂದ ದಾರಿಗೆ ಹೋಗು. ಈ ಹೊಸ್ತಿಲಾ ನಿನಗ ಕೋರ್ಟು ಮುಚ್ಚೇತಿ, ಇವತ್ತ ನಾನೂ ಮುಚ್ಚೀನಿ."

ಆರು ವರ್ಷದಲ್ಲಿ ಅವನು ಆ ಮನೆಯಿಂದ 'ಇಲ್ಲ' ಎಂಬ ಮಾತು ಕೇಳಿರಲಿಲ್ಲ. ಬಾಗಿಲಿಗೆ ಒದ್ದ. ಚೀಲದಿಂದ ಕುಡುಗೋಲು ತೆಗೆದು ಬಾಗಿಲ ಹಲಗೆಗೆ ಹೊಡೆಯತೊಡಗಿದ. ಅಷ್ಟೊತ್ತಿಗೆ ಅಂಗನವಾಡಿಯಿಂದ ಹೆಂಗಸರು ಎದ್ದು ಬಂದಿದ್ದರು. ಬಸುರಿಯರನ್ನು ಸಂಗಮ್ಮ ಹಿಂದೆ ನಿಲ್ಲಿಸಿ ಓಣಿಯ ಗಂಡಸರನ್ನು ಕೂಗಿ ಕರೆದಳು. ಯಾರೂ ಅವನ ಹತ್ತಿರ ಹೋಗಲಿಲ್ಲ, ಹೋಗಬಾರದೆಂದು ನಾನೇ ಹೇಳಿದ್ದೆ. ಆದರೆ ಓಣಿಯ ಎರಡೂ ಕಡೆ ಜನ ನಿಂತರು. ಏಳೆಂಟು ಮೊಬೈಲುಗಳು ಅವನತ್ತ ತಿರುಗಿದವು. ಫೋಟೋ ತೆಗೆದು ಗೆದ್ದವನು ಈಗ ತಾನೇ ಫೋಟೋ ಆಗಿದ್ದ.

ಹಳೆಯ ಕಾಲದ ತೇಗದ ಬಾಗಿಲು, ಗಟ್ಟಿಯಾಗಿ ನಿಂತಿತು. ಹದಿನಾಲ್ಕು ನಿಮಿಷಕ್ಕೆ ಪೊಲೀಸ್ ಗಾಡಿ ಬಂತು. ಚೀಲದಲ್ಲಿ ಹತ್ತಿಗೆ ಹೊಡೆಯುವ ಕೀಟನಾಶಕದ ಬಾಟಲಿಯೂ ಸಿಕ್ಕಿತು. ಉಣ್ಣುತ್ತಾ ಹೇಳಿದ್ದನ್ನು ಅವನು ಮಾಡಲೆಂದೇ ಬಂದಿದ್ದ. ನಾನು ಲಿಂಗಸುಗೂರಿನಿಂದ ತಲುಪುವ ಹೊತ್ತಿಗೆ ಅವನನ್ನು ಒಯ್ದಾಗಿತ್ತು. ರೇಣುಕಾ ಹೊರಗೆ ಬಂದು ಬಾಗಿಲ ಮೇಲಿನ ಗಾಯಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ನನ್ನನ್ನು ಕಂಡು ನಕ್ಕಳು. ನಾನು ಕಚೇರಿಯ ಮರ್ಯಾದೆ ಬಿಟ್ಟು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಅವನಿಗೆ ಜಾಮೀನು ಸಿಗಲಿಲ್ಲ. ಆದೇಶ ಮೀರಿದ ಪ್ರಕರಣ ಮೊದಲು ವಿಚಾರಣೆಗೆ ಬಂತು. ಅವನ ವಕೀಲರು ಹಳೆಯ ಫೋಟೋಗಳನ್ನೇ ಹಿಡಿದು ಅಮರಮ್ಮನನ್ನು ಕೇಳಿದರು, ಈ ಊಟ ನೀವೇ ಹಾಕಿದ್ದು ಹೌದೋ ಅಲ್ಲವೋ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

"ಹೌದ್ರೀ. ಮೂರು ಸಲ ಉಣಿಸೀನಿ" ಎಂದಳು ಆಕೆ. "ಆ ಕಾಗದದಾಗ ಏನೈತಿ ಅಂತ ನನಗ ಆವಾಗ ಯಾರೂ ಹೇಳಿರಲಿಲ್ಲ. ಹೇಳಿದಮ್ಯಾಲ ಅಂವಗ ಬಾಗಿಲಾ ತಗದಿಲ್ಲ."

ವಕೀಲರು ಕೂತರು. ಆ ಉತ್ತರದ ಮೊದಲರ್ಧ ನನಗೆ ಚುಚ್ಚಿತು, ಉಳಿದರ್ಧಕ್ಕೆ ಎದೆ ಉಬ್ಬಿತು. ಅವನಿಗೆ ಶಿಕ್ಷೆಯಾಯಿತು. ಕುಡುಗೋಲಿನ ಪ್ರಕರಣ ಬೇರೆ ನಡೆಯಿತು, ಅದರಲ್ಲೂ ಅವನು ಹೊರಗೆ ಬರಲಿಲ್ಲ. ರೇಣುಕಾ ಮಸ್ಕಿಯಲ್ಲಿ ಈಗ ಸ್ವಂತ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಮೂವರು ಹೆಣ್ಣುಮಕ್ಕಳು ಅವಳ ಹತ್ತಿರ ಕೆಲಸ ಕಲಿಯುತ್ತಾರೆ. ಮುರಿದ ಕೈ ಸ್ವಲ್ಪ ಸೊಟ್ಟ ಕೂಡಿದೆ, ಅವಳು ಹೊಲಿದ ಕುಪ್ಪಸದ ಹೊಲಿಗೆ ಮಾತ್ರ ನೇರ.

ಆಮೇಲೆ ನಿವೃತ್ತಿಯಾಗುವವರೆಗೆ ನನ್ನ ಕೈಯಿಂದ ಹೋದ ಪ್ರತಿಯೊಂದು ಆದೇಶವನ್ನೂ ಆ ಹೆಣ್ಣುಮಗಳು ಇರುವ ಮನೆಯ ಕಟ್ಟೆಯ ಮೇಲೆ ಕೂತು, ಬಾಗಿಲು ತೆರೆಯುವವರಿಗೆ ನಾನೇ ಓದಿ ಹೇಳಿದೆ. ಕಾನೂನು ನ್ಯಾಯಾಲಯದಿಂದ ಹೊರಟು ಠಾಣೆಯವರೆಗೆ ಬರುತ್ತದೆ. ಅಲ್ಲಿಂದ ಹೊಸ್ತಿಲಿಗೆ ಅದನ್ನು ನಾವು ನಡೆಸಿಕೊಂಡು ಹೋಗಬೇಕು. ಇಪ್ಪತ್ತೆಂಟು ವರ್ಷ ಕಲಿಯದ ಪಾಠ ಅಮರಮ್ಮ ಒಂದು ಮಧ್ಯಾಹ್ನದಲ್ಲಿ ಕಲಿಸಿದಳು.

ನಿವೃತ್ತಿಯ ವಾರ ಹೇಳಿ ಬರಲು ಸಂತೆಕಲ್ಲೂರಿಗೆ ಹೋದೆ. ಬಿಸಿಲು ಜೋರಿತ್ತು. ಅಂಗನವಾಡಿಯ ಕಟ್ಟೆಯ ಮೇಲೆ ಕೊಡ ಹಾಗೇ ಇತ್ತು, ಹೊಸ ಬಟ್ಟೆ ಸುತ್ತಿದ್ದರು. ಬಾಯಾರಿಕೆಯಾಗಿ ಲೋಟ ಅದ್ದಲು ಹೋದೆ. ಓಣಿಯ ಒಳಗಿನಿಂದ ಅಮರಮ್ಮ ಕೈ ಬೀಸಿದಳು.

"ಅಲ್ಲಿ ಕುಡೀಬ್ಯಾಡ್ರೀ ಮೇಡಂ. ನೀವು ಹೊಸ್ತಿಲದ ಒಳಗ ಕುಂತು ಕುಡಿಯೂ ಮಂದಿ, ಬರ್ರಿ."

ಕುಡುಗೋಲಿನ ಗುರುತಿದ್ದ ಆ ಬಾಗಿಲು ಅಂದು ಅಗಲವಾಗಿ ತೆರೆದಿತ್ತು.