ಹಿಸಾಯೊಕ್ಕ ತೊಳೆದ ಅಕ್ಕಿ

ಜಪಾನಿನ ಹಮಾಮಾತ್ಸು ಊರಿನ ಹಾವುಮೀನಿನ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಮೀನು ಸೀಳಿದವಳು ನಮ್ಮ ಹಿಸಾಯೊಕ್ಕ. ಅಂಗಡಿ ಮುಚ್ಚಿದಾಗ ಅವಳಿಗೆ ಐವತ್ತಾರು. ಆ ವಯಸ್ಸಿಗೆ ಬೇರೆ ಯಾರು ಕೆಲಸ ಕೊಡ್ತಾರೆ? ನಮ್ಮ ಆಹಾರ ಪ್ರಯೋಗಾಲಯ ಕೊಟ್ಟಿತು. ಹೆಪ್ಪುಗಟ್ಟಿಸಿದ ಶುಂಠಿ, ಸ್ಟ್ರಾಬೆರಿ, ಅಕ್ಕಿಕಾಳನ್ನು ಕೂದಲಿಗಿಂತ ತೆಳ್ಳಗೆ ಕುಯ್ದು ಗಾಜಿಗೆ ಅಂಟಿಸಬೇಕು. ಮುಂದಿನ ಯಂತ್ರ ನಡೆಸುವುದು ನನ್ನ ಕೆಲಸ. ಅದು ಆ ಹೋಳನ್ನು ಲೇಸರಿನಿಂದ ಚುಕ್ಕೆ ಚುಕ್ಕೆಯಾಗಿ ತಟ್ಟಿ, ಎದ್ದ ಕಣಗಳನ್ನು ತೂಗಿ, ಯಾವ ಸತ್ವ ಎಲ್ಲಿದೆ ಎಂದು ಬಣ್ಣದ ಚಿತ್ರ ಬಿಡಿಸುತ್ತದೆ. ಡಿಗ್ರಿ ಇದ್ದ ಮೂವರು ಅಕ್ಕಿಕಾಳನ್ನು ಪುಡಿಪುಡಿ ಮಾಡಿ ಸೋತಿದ್ದರು. ಇವಳು ಮೊದಲ ವಾರವೇ ಇಡೀ ಹೋಳು ತೆಗೆದಳು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಆ ವರ್ಷ ಅರೆ ಪಾಲಿಶ್ ಮಾಡಿದ ಅಕ್ಕಿಯ ಸರದಿ. ಅಂಚಿನಲ್ಲಿ ಬಿ-ಒನ್ ಜೀವಸತ್ವ ಎಷ್ಟು ಉಳಿದಿದೆ ಎಂಬುದು ಪ್ರಶ್ನೆ. ಚಿತ್ರದಲ್ಲಿ ಅಂಚು ಮಂಕಾಗಿ ಬಂತು. ಈ ಅಕ್ಕಿಗೂ ಬಿಳಿ ಅಕ್ಕಿಗೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ನಮ್ಮ ಮುಖ್ಯಸ್ಥೆ ಡಾಕ್ಟರ್ ಮಕಿಶಿಮಾ ಬರೆದು ಮುಗಿಸಿದರು. ಶುಕ್ರವಾರ ಪ್ರಬಂಧ ಹೋಗಬೇಕು. ಹಿಸಾಯೊಕ್ಕನ ಕೆಲಸ ಮುಂದುವರಿಸುವ ಕಾಗದವೂ ಅದೇ ವಾರ ಅವರ ಮೇಜಿನ ಮೇಲಿತ್ತು.

ಮಂಗಳವಾರ ಮಧ್ಯಾಹ್ನ ಊಟಕ್ಕೆಂದು ಅಡುಗೆಮೂಲೆಯಲ್ಲಿ ಅಕ್ಕಿ ತೊಳೆಯುತ್ತಿದ್ದ ಹಿಸಾಯೊಕ್ಕ ಬಿಳಿ ನೀರನ್ನೇ ನೋಡುತ್ತ ನಿಂತಳು. ಒದ್ದೆ ಕೈಯಲ್ಲೇ ಮಕಿಶಿಮಾ ಬಳಿ ಹೋದಳು. ನಾನೂ ಅಲ್ಲೇ ಇದ್ದೆ.

"ಮೇಡಂ, ಆ ಕಾಳುಗಳನ್ನ ಹೆಪ್ಪುಗಟ್ಟಿಸೋಕೆ ಮುಂಚೆ ತೊಳೆದುಬಿಟ್ಟಿದ್ದೆ. ನೀರು ತಿಳಿಯಾಗೋವರೆಗೂ."

"ತೊಳೀರಿ ಅಂತ ಯಾರ್ರೀ ಹೇಳಿದ್ದು?"

"ನಮ್ಮಮ್ಮ. ಆರು ವರ್ಷದವಳಿದ್ದಾಗ."

ನನಗೆ ನಗು ಬಂತು, ನುಂಗಿಕೊಂಡೆ. ಈ ದೇಶದಲ್ಲಿ ಅಕ್ಕಿ ಕೈಗೆ ಬಂದರೆ ತೊಳೆಯದವರು ಯಾರು? ಅಂಚಿನ ಸತ್ವವೆಲ್ಲ ಬಚ್ಚಲು ಸೇರಿತ್ತು.

ಮಕಿಶಿಮಾ ಕನ್ನಡಕ ತೆಗೆದರು. "ಇದನ್ನ ನಾನು ನಿಮ್ಮ ಕಾಗದದಲ್ಲಿ ಬರೀಲೇಬೇಕಾಗತ್ತೆ. ಮೇಲಿನವರು ನಿಮ್ಮನ್ನ ಇಟ್ಕೊಳ್ತಾರೋ ಇಲ್ವೋ ಗೊತ್ತಿಲ್ಲ."

"ಬರೀರಿ. ಅಷ್ಟರಲ್ಲಿ ನಾನು ಮತ್ತೆ ಕುಯ್ತೀನಿ."

"ಮೂರು ದಿನದಲ್ಲಿ?"

"ಹಬ್ಬದ ದಿನ ಮುನ್ನೂರು ಮೀನು ಸೀಳಿದೀನಿ ಮೇಡಂ. ಅವು ಒದ್ದಾಡ್ತಿದ್ವು. ಇದು ಸುಮ್ನೆ ಕೂತಿರತ್ತೆ."

ಹೊರಗೆ ಬಂದಾಗ ನಾನು ಬೈದೆ. "ತಲೆ ಕೆಟ್ಟಿದ್ಯಾ ಅಕ್ಕಾ? ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ನನಗೆ ಗೊತ್ತಿತ್ತಲ್ಲ. ಹೋಗು, ನಿನ್ನ ಯಂತ್ರ ಒರೆಸು."

ಹೋಳು ತೆಗೆಯುವ ಚಳಿಪೆಟ್ಟಿಗೆಯೊಳಗೆ ಕೈ ಹಾಕಿ, ಈ ಸಲ ತೊಳೆಯದ ಕಾಳುಗಳನ್ನು ಮೂರು ದಿನ ಕುಯ್ದಳು. ಬೆರಳ ತುದಿಗಳು ಒಡೆದು ರಕ್ತ ಬಂತು. ಪಟ್ಟಿ ಸುತ್ತಿಕೊಂಡಳು, ಕೈಗವಸು ಬದಲಿಸಿದಳು, ಮತ್ತೆ ಕೂತಳು. ಬೇಡ ಅಂದವರ ಕಡೆ ತಿರುಗಿಯೂ ನೋಡಲಿಲ್ಲ. ಅರವತ್ತು ಹೋಳುಗಳಲ್ಲಿ ಒಂಬತ್ತು ಇಡಿಯಾಗಿ ನಿಂತವು.

ಶುಕ್ರವಾರ ಬೆಳಿಗ್ಗೆ ನನ್ನ ಪರದೆಯ ಮೇಲೆ ಅಕ್ಕಿಕಾಳಿನ ಅಂಚು ಸುತ್ತಲೂ ಕೆಂಪಗೆ ಮೂಡಿತು, ಅಂದರೆ ಸತ್ವ ತುಂಬಿತ್ತು. ಒಂಬತ್ತರಲ್ಲೂ. ಪ್ರಬಂಧದ ತೀರ್ಮಾನವೇ ತಿರುಗಿಬಿತ್ತು. ಮಕಿಶಿಮಾ ಹೊತ್ತು ನೋಡದೆ ತಿದ್ದಿದರು, ಸಂಜೆಗೆ ಕಳಿಸಿದರು.

ಹತ್ತು ದಿನವಾದ ಮೇಲೆ ಮೇಲಿನಿಂದ ಕಾಗದ ಬಂತು. ಹಿಸಾಯೊಕ್ಕನಿಗೆ ಮಕಿಶಿಮಾ ಮೂರು ವರ್ಷ ಕೇಳಿದ್ದರು, ಮೇಲಿನವರು ಒಂದು ವರ್ಷ ಕೊಟ್ಟಿದ್ದರು. ಮಕಿಶಿಮಾ ಬರೆದದ್ದು ಹಾಗೇ ಇತ್ತು: "ತಪ್ಪು ಮಾಡಿದರು. ಯಾರೂ ಕೇಳದಿದ್ದರೂ ತಾವೇ ಬಂದು ಹೇಳಿದರು."

ಹಿಸಾಯೊಕ್ಕ ಅದನ್ನು ಎರಡು ಸಲ ಓದಿದಳು. ಕೈಚೀಲದಿಂದ, ಸಹಿಯ ಬದಲು ಒತ್ತುವ ಹೆಸರಿನ ಮೊಹರು ತೆಗೆದಳು. ನಾನು ಕಾಗದ ಹಿಡಿದುಕೊಂಡೆ, ಅವಳು ಒತ್ತಿದಳು.